ಮುದ್ರಾರಾಕ್ಷಸದ ಸಾಕ್ಷ್ಯ

ಪುಸ್ತಕಭಂಡಾರಗಳಲ್ಲಿ ಗ್ರಂಥಗಳನ್ನು ವಿಂಗಡಿಸುವವರು ರಾಜ್ಯಚರಿತ್ರೆ, ಸಮಾಜಚರಿತ್ರೆಗಳನ್ನು ಒಂದು ಕಪಾಟಿನಲ್ಲಿಯೂ, ಗತಕಾಲವನ್ನು ಆಶ್ರಯಿಸಿ ಕಲ್ಪಿತವಾದ ರಹಸ್ಯಕಥೆಗಳನ್ನು ಮತ್ತೊಂದರಲ್ಲಿಯೂ ಇರಿಸುವುದು ರೂಢಿ. ಏರ್ಪಾಡು ಯುಕ್ತವಾದುದೇ ಸರಿ. ಆದರೆ ಓದುವವರ ಮನಸ್ಸಿನಲ್ಲಿ ಈ ಎರಡು ಕಪಾಟುಗಳ ನಡುವಣ ಹಲಗೆ ಅಷ್ಟು ಭದ್ರವಾಗಿರುವುದಿಲ್ಲ. ಕಥೆಯಲ್ಲಿ ಓದಿದ ಸಂಗತಿ ಕೆಲವು ಕಾಲ ಕಳೆದ ಬಳಿಕ ಚರಿತ್ರೆಯಲ್ಲಿ ಓದಿದಂತೆ ನೆನಪಿಗೆ ಬರುತ್ತದೆ. ಹಾಗೆ ನೆನಪಾದುದನ್ನು ಇನ್ನೊಬ್ಬರು ಬರೆದಿಡುತ್ತಾರೆ. ಮೂರನೆಯವರು ಅದನ್ನೇ ಆಧಾರವೆಂದು ಉದಾಹರಿಸುತ್ತಾರೆ. ಈ ಬಗೆಯ ಸಂಕರಕ್ಕೆ ಭರತಖಂಡದ ಸಾಹಿತ್ಯದಲ್ಲಿ ವಿಶಾಖದತ್ತನ ಮುದ್ರಾರಾಕ್ಷಸ ನಾಟಕಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯುವುದು ಕಷ್ಟ.

ಚಂದ್ರಗುಪ್ತ ಮೌರ್ಯನು ಪಾಟಲಿಪುತ್ರದಲ್ಲಿ ಪಟ್ಟಕ್ಕೆ ಬಂದ ವೃತ್ತಾಂತವನ್ನು ಬಲ್ಲೆವೆನ್ನುವವರನ್ನು ಕೇಳಿದರೆ, ಶಿಖೆಯನ್ನು ಬಿಚ್ಚಿ ಪ್ರತಿಜ್ಞೆ ಮಾಡಿದ ಚಾಣಕ್ಯ, ಸ್ವಾಮಿಭಕ್ತನಾದ ಅಮಾತ್ಯ ರಾಕ್ಷಸ, ವಿಷಕನ್ಯೆಯಿಂದ ಹತನಾದ ಪರ್ವತಕ, ದಾಸಿಯಾದ ಮುರೆ ಎಂಬಿವರ ಹೆಸರುಗಳನ್ನು ತಡೆಯಿಲ್ಲದೆ ಹೇಳುವರು. ಇವರಲ್ಲಿ ಚಾಣಕ್ಯನೊಬ್ಬನನ್ನು ಬೌದ್ಧ ಜೈನ ಪುರಾಣ ಸಂಪ್ರದಾಯಗಳೆಲ್ಲವೂ ಬಲ್ಲವು. ರಾಕ್ಷಸನೆಂಬ ಮಂತ್ರಿಗೆ ನಾಟಕದ ಪರಂಪರೆಯನ್ನು ಬಿಟ್ಟು ಬೇರೆ ದೃಢವಾದ ಆಧಾರವಿಲ್ಲ. ಮುರೆಯಾದರೋ ನಾಟಕದಲ್ಲಿಯೂ ಇಲ್ಲ. ಹೀಗಿರುವಲ್ಲಿ ಈ ನಾಟಕವನ್ನು ಎಷ್ಟರ ಮಟ್ಟಿಗೆ, ಯಾವ ಕಾಲಕ್ಕೆ ಸಾಕ್ಷಿಯನ್ನಾಗಿ ಕರೆಯಬಹುದೆಂಬುದು ಚರಿತ್ರಕಾರರಿಗೆ ಮಾತ್ರವಲ್ಲದೆ ಸಾಹಿತ್ಯವನ್ನು ಪಾಠಹೇಳುವವರಿಗೂ ವಿಚಾರಣೀಯವಾದ ವಿಷಯವಾಗಿದೆ.

ಮೊದಲು ಕೃತಿಯ ಸ್ವರೂಪವನ್ನು ನೋಡತಕ್ಕದ್ದು. ಏಳಂಕಗಳ ಈ ನಾಟಕದಲ್ಲಿ ಶೃಂಗಾರವಿಲ್ಲ, ವಿದೂಷಕನಿಲ್ಲ, ನಾಯಿಕೆಯಿಲ್ಲ. ನಂದರು ಹತರಾಗಿದ್ದಾರೆ, ಚಂದ್ರಗುಪ್ತನು ಸಿಂಹಾಸನದಲ್ಲಿದ್ದಾನೆ, ನಂದರ ಮಂತ್ರಿ ರಾಕ್ಷಸನು ಪರ್ವತಕನ ಮಗ ಮಲಯಕೇತುವನ್ನು ಆಶ್ರಯಿಸಿ ಕುಸುಮಪುರದ ಮೇಲೆ ದಂಡೆತ್ತಲು ಸಿದ್ಧನಾಗುತ್ತಿದ್ದಾನೆ. ಅವನನ್ನು ಕೊಲ್ಲದೆ ಹಿಡಿದು ಚಂದ್ರಗುಪ್ತನ ಮಂತ್ರಿಪದವಿಯಲ್ಲಿ ನಿಲ್ಲಿಸಬೇಕೆಂಬುದೇ ಚಾಣಕ್ಯನ ಸಂಕಲ್ಪ. ಇಷ್ಟು ವಸ್ತು. ಇದರಲ್ಲಿ ರಹಸ್ಯಕಥೆಯ ಸಾಮಗ್ರಿಯೆಲ್ಲವೂ ಇದೆ: ಮುದ್ರೆಯುಂಗುರ, ಹೆಸರಿಲ್ಲದ ಓಲೆ, ವೇಷಾಂತರದ ಚಾರರು, ವಿಷ, ಸುರಂಗ, ಕಳವಾಗಿ ಕೈಬದಲಾದ ಆಭರಣ. ಆದರೆ ಕೊಲೆಗಾರನಾರೆಂಬುದನ್ನು ಕೊನೆಯವರೆಗೆ ಮರೆಸುವುದು ಇಂದಿನ ಪತ್ತೇದಾರಿ ಕಥೆಯ ಕ್ರಮವಾದರೆ, ವಿಶಾಖದತ್ತನು ಅದನ್ನು ಮೊದಲನೆಯ ಅಂಕದಲ್ಲಿಯೇ ಹೊರಗೆಡಹುತ್ತಾನೆ. ರಾಕ್ಷಸನು ಚಂದ್ರಗುಪ್ತನ ಮೇಲೆ ಪ್ರಯೋಗಿಸಿದ ವಿಷಕನ್ಯೆಯನ್ನು ಪರ್ವತಕನ ಕಡೆಗೆ ತಿರುಗಿಸಿದವನು ಚಾಣಕ್ಯನೇ ಎಂಬುದು ಸಭಿಕರಿಗೆ ಗೊತ್ತು; ಸತ್ತವನ ಮಗನಿಗೆ ಮಾತ್ರ ಗೊತ್ತಿಲ್ಲ. ಕುತೂಹಲವೆಲ್ಲ ಮುಂದಿನ ನಡೆ ಯಾವುದೆಂಬುದರಲ್ಲಿ ನಿಂತಿದೆ.

ಉಂಗುರ ದೊರೆತ ಬಗೆಯನ್ನು ನೋಡಿದರೆ ಕವಿಯ ಕೈ ಎಷ್ಟು ಹಗುರವೆಂಬುದು ತಿಳಿಯುತ್ತದೆ. ನಿಪುಣಕನೆಂಬ ಚಾರನು ಯಮಪಟವನ್ನು ಹಿಡಿದು ಹಾಡುತ್ತ ಮಣಿಕಾರಶ್ರೇಷ್ಠಿ ಚಂದನದಾಸನ ಮನೆಯನ್ನು ಹೊಗುತ್ತಾನೆ. ಸುಮಾರು ಐದು ವರುಷದ ಮಗುವೊಂದು ಕೌತುಕದಿಂದ ಬಾಗಿಲಿಗೆ ಓಡಿಬರುತ್ತದೆ. ಒಳಗಿನಿಂದ ಹೆಂಗಸೊಬ್ಬಳು ಗಾಬರಿಯಿಂದ ಅದನ್ನು ಹಿಂದಕ್ಕೆ ಸೆಳೆದುಕೊಳ್ಳುವಾಗ, ಗಂಡಸಿನ ಬೆರಳಿನ ಅಳತೆಗೆ ಮಾಡಿದ ಉಂಗುರ ಅವಳ ಬೆರಳಿನಿಂದ ಜಾರಿ ಹೊಸಲಿನಾಚೆ ಉರುಳಿ ಚಾರನ ಕಾಲಬಳಿ ನಿಲ್ಲುತ್ತದೆ. ರಾಕ್ಷಸನ ಹೆಂಡತಿ ಮಕ್ಕಳು ಅಡಗಿರುವ ಸ್ಥಳವೂ ರಾಕ್ಷಸನ ಮುದ್ರೆಯೂ ಒಂದೇ ಕ್ಷಣದಲ್ಲಿ ಚಾಣಕ್ಯನ ವಶವಾಗುತ್ತವೆ. ಒಂದು ರಾಜ್ಯದ ಗತಿಯನ್ನು ತಿರುಗಿಸಿದ್ದು ಒಂದು ಮಗುವಿನ ಕುತೂಹಲ. ಇದರಲ್ಲಿ ದೈವಿಕವಾದದ್ದೂ ಅಸಂಭಾವ್ಯವಾದದ್ದೂ ಏನೂ ಇಲ್ಲ.

ಎರಡನೆಯ ಅಂಕದಲ್ಲಿ ಹಾವಾಡಿಗನ ವೇಷದಿಂದ ಬಂದ ವಿರಾಧಗುಪ್ತನು ರಾಕ್ಷಸನಿಗೆ ಅವನ ಪ್ರಯೋಗಗಳು ಒಂದೊಂದಾಗಿ ಕೆಟ್ಟುಹೋದುದನ್ನು ಹೇಳುವ ಭಾಗ ಪತ್ತೇದಾರಿಯ ದೃಷ್ಟಿಯಿಂದ ಇನ್ನೂ ಸೊಗಸಾದುದು. ವೈದ್ಯ ಅಭಯದತ್ತನು ಕಲಸಿದ ಔಷಧ ಚಿನ್ನದ ಪಾತ್ರೆಯಲ್ಲಿ ಬಣ್ಣಗೆಟ್ಟುದನ್ನು ಚಾಣಕ್ಯನು ಕಂಡು ವೈದ್ಯನಿಗೇ ಅದನ್ನು ಕುಡಿಸುತ್ತಾನೆ. ಶಯನಾಗಾರದ ಅಧಿಕಾರಿ ಪ್ರಮೋದಕನು ತನ್ನ ಸ್ಥಿತಿಗೆ ಮೀರಿ ಹಣ ಚೆಲ್ಲಲು, ಅದು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಒಂದಕ್ಕೊಂದು ಹೊಂದದ ಉತ್ತರ ಕೊಟ್ಟು ಸಿಕ್ಕಿಬೀಳುತ್ತಾನೆ. ರಾಜನು ಮಲಗುವ ಮನೆಯ ಗೋಡೆಯ ಬಿರುಕಿನಿಂದ ಅನ್ನದ ಅಗುಳುಗಳನ್ನು ಕಚ್ಚಿಕೊಂಡು ಇರುವೆಗಳ ಸಾಲು ಹೊರಡುತ್ತಿರುವುದು ಚಾಣಕ್ಯನ ಕಣ್ಣಿಗೆ ಬೀಳುತ್ತದೆ. ಅನ್ನವಿದ್ದ ಮೇಲೆ ಉಣ್ಣುವವರೂ ಇರಬೇಕಷ್ಟೆ. ನೆಲದಡಿಯಲ್ಲಿ ಅಡಗಿದ್ದ ಘಾತಕರು ಮನೆಯೊಡನೆ ಸುಟ್ಟುಹೋಗುತ್ತಾರೆ. ಧೂಮದಿಂದ ವಹ್ನಿಯನ್ನು ಊಹಿಸುವ ತಾರ್ಕಿಕರ ಹಳೆಯ ಉದಾಹರಣೆಗಿಂತ ಇರುವೆಗಳಿಂದ ಘಾತಕರನ್ನು ಊಹಿಸಿದ ಈ ಅನುಮಾನ ತರ್ಕಪಾಠಕ್ಕೆ ಹೆಚ್ಚು ರುಚಿಕರವಾದೀತು.

ಆದರೆ ನಾಟಕದ ಹೃದಯ ಐದನೆಯ ಅಂಕದಲ್ಲಿದೆ. ಅಲ್ಲಿ ವಿಚಾರಣೆ ನಡೆಸುವವನು ಮಲಯಕೇತು. ಮುದ್ರೆಯ ರಹದಾರಿಯಿಲ್ಲದೆ ಪಾಳೆಯವನ್ನು ಬಿಡುತ್ತಿದ್ದ ಸಿದ್ಧಾರ್ಥಕನು ಸಿಕ್ಕಿದ್ದಾನೆ. ಅವನಲ್ಲಿ ಓಲೆಯೂ ಆಭರಣದ ಪೆಟ್ಟಿಗೆಯೂ ದೊರೆತಿವೆ. ಓಲೆಯ ಮೇಲಿರುವುದು ರಾಕ್ಷಸನ ಮುದ್ರೆಯೇ. ಅಕ್ಷರ ರಾಕ್ಷಸನ ಮಿತ್ರ ಶಕಟದಾಸನದೇ. ಅವನ ಬೇರೊಂದು ಬರೆಹವನ್ನು ತರಿಸಿ ಹೋಲಿಸಿ ನೋಡುತ್ತಾರೆ. ಪೆಟ್ಟಿಗೆಯ ಒಡವೆಗಳು ಮಲಯಕೇತು ತನ್ನ ಮೈಯಿಂದ ತೆಗೆದು ರಾಕ್ಷಸನಿಗೆ ಕಳುಹಿಸಿದವುಗಳೇ. ರಾಕ್ಷಸನು ಆಗ ತೊಟ್ಟಿರುವ ಒಡವೆಗಳು ಸತ್ತ ಪರ್ವತಕನವೇ. ಒಂದೂ ಕೃತ್ರಿಮವಲ್ಲ. ಶಕಟದಾಸನು ಯಾರಿಗೆ ಯಾರಿಂದ ಎಂದು ತಿಳಿಯದೆಯೇ ಆ ಓಲೆಯನ್ನು ಬರೆದುದು ನಿಜ. ರಾಕ್ಷಸನು ಒಡವೆಗಳನ್ನು ವರ್ತಕರಿಂದ ಕೊಂಡುದೂ ನಿಜ. ಮುದ್ರೆ ನಿಜ, ಅಕ್ಷರ ನಿಜ, ಆಭರಣ ನಿಜ. ನಿರ್ಣಯ ಮಾತ್ರ ಸುಳ್ಳು. ರಾಕ್ಷಸನೇ ಈ ಸಾಕ್ಷ್ಯಕ್ಕೆ ಉತ್ತರಕಾಣದೆ ಶಕಟದಾಸನು ದ್ರೋಹಿಯಾದನೋ ಎಂದು ಶಂಕಿಸುವ ಮಟ್ಟಿಗೆ ಬರುತ್ತಾನೆ. ಸಾಕ್ಷ್ಯದ ವಸ್ತು ಸತ್ಯವಾಗಿದ್ದರೂ ಅದು ಯಾವ ಹಾದಿಯಿಂದ ಕೈಸೇರಿತೆಂಬುದನ್ನು ವಿಚಾರಿಸದವನು ಮೋಸಹೋಗುವನೆಂಬುದಕ್ಕೆ ಇದಕ್ಕಿಂತ ನಿಷ್ಕೃಷ್ಟವಾದ ನಿರೂಪಣೆ ಯಾವ ಭಾಷೆಯ ರಹಸ್ಯಕಥೆಯಲ್ಲಿಯೂ ವಿರಳ.

ಈ ನಾಟಕವನ್ನೇ ಮೌರ್ಯಚರಿತ್ರೆಗೆ ಆಧಾರವಾಗಿ ಹಿಡಿದವರು ಮಲಯಕೇತುವಿನ ಆಸನದಲ್ಲಿಯೇ ಕುಳಿತಿದ್ದಾರೆಂದು ಹೇಳಬೇಕಾಗಿದೆ.

ಅದು ಹೇಗಾಯಿತೆಂಬುದನ್ನು ನೋಡಬಹುದು. ಯವನ ಲೇಖಕರ ಸಾಂಡ್ರಕೊಟ್ಟೋಸನೇ ಚಂದ್ರಗುಪ್ತನೆಂದು ವಿಲಿಯಂ ಜೋನ್ಸನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ೧೭೯೩ರಲ್ಲಿ ಪ್ರಕಟಪಡಿಸಿದಾಗ, ಸೋಮದೇವನ ಕಥೆಗಳನ್ನೂ ಚಂದ್ರನ ಪಟ್ಟಾಭಿಷೇಕವೆಂಬ ಒಂದು ಸಂಸ್ಕೃತ ನಾಟಕವನ್ನೂ ಪ್ರಸ್ತಾಪಿಸಿದನು. ಆ ಏಕೀಕರಣ ಇಂದಿಗೂ ಭರತಖಂಡದ ಪ್ರಾಚೀನ ಕಾಲಗಣನೆಗೆ ಆಧಾರಸ್ತಂಭವಾಗಿದೆ, ಅದು ಸರಿಯಾದುದು. ಆದರೆ ಅದರ ಜೊತೆಯಲ್ಲಿಯೇ ಕಥೆಯೂ ನಾಟಕವೂ ಚರಿತ್ರೆಯ ಅಂಗಳಕ್ಕೆ ಕಾಲಿಟ್ಟವು. ಬಳಿಕ ಎಚ್. ಎಚ್. ವಿಲ್ಸನನು ೧೮೨೭ರ ಸುಮಾರಿಗೆ ಹೊರಡಿಸಿದ ನಾಟಕಸಂಗ್ರಹದಲ್ಲಿ ಮುದ್ರಾರಾಕ್ಷಸದ ಆಂಗ್ಲಾನುವಾದ ಬಂದಿತು. ಕಾಶೀನಾಥ ತ್ರ್ಯಂಬಕ ತೆಲಂಗರು ೧೮೮೪ರಲ್ಲಿ ಮುಂಬಯಿಯಲ್ಲಿ ಮೂಲವನ್ನು ವಿಮರ್ಶಾಪೂರ್ವಕವಾಗಿ ಪ್ರಕಟಿಸಿದರು.

ಇಷ್ಟರಲ್ಲಿ ಮೈಸೂರಿನ ಸಂಬಂಧ ಒದಗಿತು. ೧೮೯೧ರಲ್ಲಿ ಸ್ಥಾಪಿತವಾದ ಅಲ್ಲಿನ ಪ್ರಾಚ್ಯಪುಸ್ತಕಾಲಯಕ್ಕೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಯ ಕಟ್ಟಿನಲ್ಲಿ, ಹೆಸರು ಮಾತ್ರ ಉಳಿದು ಗ್ರಂಥ ಕಾಣೆಯಾಗಿದ್ದ ಕೌಟಿಲೀಯ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡುಕೊಂಡರು; ೧೯೦೯ರಲ್ಲಿ ಅದನ್ನು ಅಚ್ಚುಹಾಕಿಸಿದರು; ೧೯೧೫ರಲ್ಲಿ ಸಮಗ್ರವಾದ ಆಂಗ್ಲಾನುವಾದವನ್ನು ಹೊರತಂದರು. ಪುಸ್ತಕಾಲಯವೊಂದರ ಕಪಾಟಿನಿಂದ ಇಷ್ಟು ದೊಡ್ಡ ಸಂಗತಿ ಹೊರಬಂದುದು ಈ ದೇಶದ ವಿದ್ಯಾಚರಿತ್ರೆಯಲ್ಲಿ ಅಪೂರ್ವ.

ಗ್ರಂಥ ಹೊರಬಿದ್ದ ಮೇಲೆ ನಾಟಕದೊಡನೆ ಅದರ ಸಾಮ್ಯ ಎಲ್ಲರ ಕಣ್ಣಿಗೂ ಬಿದ್ದಿತು. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಮೊದಲಾದ ಚಾರಭೇದಗಳನ್ನು ಶಾಸ್ತ್ರ ಎಣಿಸುತ್ತದೆ. ನಾಟಕದ ಚಾರರು ಯಮಪಟದವನಾಗಿ, ಕ್ಷಪಣಕನಾಗಿ, ಹಾವಾಡಿಗನಾಗಿ ಸಂಚರಿಸುತ್ತಾರೆ. ಚಾರರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರಲಾಗದೆಂದು ಶಾಸ್ತ್ರ ವಿಧಿಸುತ್ತದೆ. ಕ್ಷಪಣಕ ಜೀವಸಿದ್ಧಿಯು ಶತ್ರುಪಕ್ಷದವನೆಂದು ನಿಪುಣಕನು ವರದಿಮಾಡುವಾಗ, ಅವನು ತನ್ನವನೇ ಎಂಬುದನ್ನು ಚಾಣಕ್ಯನು ಹೊರಗೆ ತೋರಗೊಡುವುದಿಲ್ಲ. ಮುದ್ರಾಧ್ಯಕ್ಷನು ಒಂದು ಮಾಷಕಕ್ಕೆ ಮುದ್ರೆ ಕೊಡತಕ್ಕದ್ದೆಂದೂ, ಮುದ್ರೆಯಿಲ್ಲದೆ ಸಂಚರಿಸುವ ಜಾನಪದನಿಗೆ ೧೨ ಪಣ ದಂಡವೆಂದೂ ಶಾಸ್ತ್ರದಲ್ಲಿದೆ. ನಾಟಕದಲ್ಲಿ ಭಾಗುರಾಯಣನು ಪಾಳೆಯದ ಬಾಗಿಲಲ್ಲಿ ಮಾಡುವುದು ಅದೇ ಕೆಲಸ.

ಇದರಿಂದ ಏನು ಸಿದ್ಧಿಸಿತು? ನಾಟಕದ ವೃತ್ತಾಂತ ಅರ್ಥಶಾಸ್ತ್ರಕ್ಕೆ ಹೊಂದುವುದರಿಂದ ಅದು ನಿಜವಾದ ಮೌರ್ಯಚರಿತ್ರೆಯೆಂದು ಕೆಲವರು ಹೇಳಿದರು. ಅರ್ಥಶಾಸ್ತ್ರದ ಕರ್ತೃ ಚಂದ್ರಗುಪ್ತನ ಮಂತ್ರಿಯೇ ಎಂಬುದಕ್ಕೆ ಆಧಾರವೇನೆಂದರೆ ನಾಟಕಾದಿಗಳಲ್ಲಿ ಕಾಣುವ ಚಾಣಕ್ಯನ ಚರಿತ್ರೆಯನ್ನೇ ತೋರಿಸಿದರು. ಇದು ತರ್ಕದಲ್ಲಿ ಅನ್ಯೋನ್ಯಾಶ್ರಯವೆನ್ನಿಸಿಕೊಳ್ಳುವ ದೋಷ. ಈಜುಬಾರದ ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡ ಮಾತ್ರಕ್ಕೆ ದಡ ಸೇರಲಾರರು. ಅರ್ಥಶಾಸ್ತ್ರದಲ್ಲಿ ಚಂದ್ರಗುಪ್ತನ ಹೆಸರಿಲ್ಲ, ಪಾಟಲಿಪುತ್ರದ ಹೆಸರಿಲ್ಲ. ನಂದರಾಜನ ವಶದಿಂದ ಭೂಮಿಯನ್ನು ಉದ್ಧರಿಸಿದವನು ಈ ಶಾಸ್ತ್ರವನ್ನು ಮಾಡಿದನೆಂಬ ಅರ್ಥದ ಒಂದು ಶ್ಲೋಕ ಗ್ರಂಥಾಂತ್ಯದಲ್ಲಿ ಬರುತ್ತದೆ. ಟ್ರಾಟ್‌ಮನ್ನರು ೧೯೭೧ರಲ್ಲಿ ಪದಗಳ ಆವೃತ್ತಿಯನ್ನು ಲೆಕ್ಕಹಾಕಿ ಗ್ರಂಥ ಏಕಕರ್ತೃಕವಲ್ಲವೆಂದು ವಾದಿಸಿದರು. ಆಲಿವೆಲ್ಲರು ೨೦೧೩ರ ತಮ್ಮ ಅನುವಾದದಲ್ಲಿ ಅದರ ಮೂಲರೂಪವನ್ನೇ ಮೌರ್ಯರಿಂದ ಬಹಳ ಈಚೆಗೆ ತಂದರು. ಕಾಂಗಲೆಯವರಂತಹ ಪ್ರೌಢ ಸಂಪಾದಕರು ಸಂಪ್ರದಾಯದ ಪಕ್ಷವನ್ನು ಸಮರ್ಥಿಸಿದ್ದಾರೆಂಬುದೂ ಗಮನಾರ್ಹ. ಯಾವ ಪಕ್ಷ ಗೆದ್ದರೂ ಸಾಮ್ಯದಿಂದ ಸಿದ್ಧಿಸುವುದು ಇಷ್ಟೇ: ವಿಶಾಖದತ್ತನು ದಂಡನೀತಿಯನ್ನು ಚೆನ್ನಾಗಿ ಅಭ್ಯಾಸಮಾಡಿದ್ದನು. ಶಾಸ್ತ್ರ ಬಲ್ಲವನು ಶಾಸ್ತ್ರೋಕ್ತವಾಗಿ ಕಥೆ ಕಟ್ಟಿದರೆ ಕಥೆ ನಡೆದುದಾಗುವುದಿಲ್ಲ.

ನಾಟಕ ತನ್ನ ಕಾಲವನ್ನು ತಾನೇ ಒಂದೆಡೆ ಬಿಟ್ಟುಕೊಟ್ಟಿದೆ. ಐದನೆಯ ಅಂಕದಲ್ಲಿ ರಾಕ್ಷಸನು ಪ್ರಯಾಣದ ವ್ಯೂಹವನ್ನು ಹೇಳುವಾಗ ಖಸ, ಗಾಂಧಾರ, ಯವನ, ಶಕರ ಜೊತೆಯಲ್ಲಿ ಹೂಣರನ್ನೂ ಸೇರಿಸುತ್ತಾನೆ. ಹೂಣರು ಭರತಖಂಡದ ಗಡಿಯಲ್ಲಿ ಗಣನೆಗೆ ಬಂದುದು ಕ್ರಿ. ಶ. ೫ನೆಯ ಶತಮಾನದಲ್ಲಿ, ಚಂದ್ರಗುಪ್ತನು ಪಟ್ಟಕ್ಕೆ ಬಂದುದಾದರೋ ಕ್ರಿ. ಪೂ. ೪ನೆಯ ಶತಮಾನದ ಕಡೆಯ ಭಾಗದಲ್ಲಿ. ಭರತವಾಕ್ಯದಲ್ಲಿ ಕೆಲವು ಹಸ್ತಪ್ರತಿಗಳು ಚಂದ್ರಗುಪ್ತನೆಂದೂ, ಕೆಲವು ಅವಂತಿವರ್ಮನೆಂದೂ, ಮತ್ತೆ ಕೆಲವು ದಂತಿವರ್ಮ ರಂತಿವರ್ಮರೆಂದೂ ರಾಜನಾಮವನ್ನು ಓದುವುದರಿಂದ ಕವಿಕಾಲವನ್ನು ಕುರಿತ ವಿವಾದ ಗುಪ್ತರ ಕಾಲದಿಂದ ೯ನೆಯ ಶತಮಾನದವರೆಗೂ ತೂಗಾಡುತ್ತಿದೆ. ಅತ್ಯಂತ ಹಿಂದಿನ ಕಾಲವನ್ನು ಒಪ್ಪಿದರೂ ನಾಯಕನಿಗೂ ಕವಿಗೂ ನಡುವೆ ೭೦೦ ವರುಷಗಳಿಗೆ ಕಡಮೆಯಿಲ್ಲ. ಅಷ್ಟು ದೂರದಲ್ಲಿ ನಿಂತವನ ಮಾತನ್ನು ಕಣ್ಣಾರೆ ಕಂಡವನ ಮಾತೆಂದು ಸ್ವೀಕರಿಸುವುದು ಯಾವ ನ್ಯಾಯಾಸ್ಥಾನದಲ್ಲಿಯೂ ಸಲ್ಲದು.

ಮುರೆಯ ವೃತ್ತಾಂತವಂತೂ ಇನ್ನೂ ಈಚಿನದು. ೧೮ನೆಯ ಶತಮಾನದ ಆದಿಭಾಗದಲ್ಲಿ ತಂಜಾವೂರಿನಲ್ಲಿ ಈ ನಾಟಕಕ್ಕೆ ವ್ಯಾಖ್ಯಾನ ಬರೆದ ಢುಂಢಿರಾಜನು ತನ್ನ ಉಪೋದ್ಘಾತದಲ್ಲಿ ಸರ್ವಾರ್ಥಸಿದ್ಧಿಯೆಂಬ ರಾಜನನ್ನೂ, ಅವನಿಗೆ ಸುನಂದೆ ಮುರೆಯರೆಂಬ ಇಬ್ಬರು ಹೆಂಡಿರನ್ನೂ, ವೃಷಲಪುತ್ರಿಯಾದ ಮುರೆಯ ಮಗನು ಮೌರ್ಯನೆಂಬುದನ್ನೂ, ಆ ಮೌರ್ಯನ ಮಕ್ಕಳಲ್ಲಿ ಚಂದ್ರಗುಪ್ತನು ಒಬ್ಬನೆಂಬುದನ್ನೂ ಹೇಳುತ್ತಾನೆ. ವಿಷ್ಣುಪುರಾಣದ ವ್ಯಾಖ್ಯಾನದಲ್ಲಿಯೂ ಮುರೆಯ ಪ್ರಸ್ತಾಪವುಂಟು. ನಾಟಕದ ಮೂಲದಲ್ಲಿ ಈ ಹೆಸರು ಎಲ್ಲಿಯೂ ಇಲ್ಲ. ವ್ಯಾಕರಣವೂ ಇದಕ್ಕೆ ಅನುಕೂಲವಲ್ಲ: ಸ್ತ್ರೀಪ್ರತ್ಯಯಾಂತವಾದ ಮುರಾಶಬ್ದದಿಂದ ಅಪತ್ಯಾರ್ಥದಲ್ಲಿ ಪಾಣಿನಿಯ ಸಾಮಾನ್ಯ ನಿಯಮದ ಪ್ರಕಾರ ಮೌರೇಯ ಎಂದಾಗಬೇಕೇ ಹೊರತು ಮೌರ್ಯ ಎಂದಾಗದು. ಬೌದ್ಧರ ಪಾಲಿಗ್ರಂಥಗಳಲ್ಲಿ ಪಿಪ್ಫಲಿವನದ ಮೋರಿಯರೆಂಬ ಕ್ಷತ್ರಿಯಕುಲವೊಂದು ಬರುತ್ತದೆ. ಮಹಾವಂಸ ಚಂದ್ರಗುಪ್ತನನ್ನು ಆ ಕುಲದವನೆನ್ನುತ್ತದೆ. ಜೈನರ ಹೇಮಚಂದ್ರನು ನವಿಲು ಸಾಕುವವರ ಊರಿನ ಮುಖಂಡನ ಮಗಳನ್ನು ತಾಯಿಯನ್ನಾಗಿ ಮಾಡುತ್ತಾನೆ. ಇವುಗಳಲ್ಲಿ ಯಾವುದು ತಥ್ಯವೆಂಬುದು ಬೇರೆ ಮಾತು. ವ್ಯಾಖ್ಯಾನಕಾರನೊಬ್ಬನು ಶಬ್ದದ ಮೂಲವನ್ನು ತೋರಿಸುವುದಕ್ಕಾಗಿ ಹೇಳಿದ ಕಥೆಯಿಂದ ಒಂದು ಮಹಾವಂಶದ ಜಾತಿನಿರ್ಣಯವನ್ನು ಮಾಡುವುದು ಅತಿಸಾಹಸ.

ಈ ಪ್ರಸಂಗದಲ್ಲಿ ವೃಷಲಶಬ್ದವನ್ನು ಕುರಿತು ಎರಡು ಮಾತು ಅವಶ್ಯಕ. ಚಾಣಕ್ಯನು ಚಂದ್ರಗುಪ್ತನನ್ನು ಉದ್ದಕ್ಕೂ ವೃಷಲನೆಂದೇ ಕರೆಯುತ್ತಾನೆ. ಅನುವಾದಕರು ಇದನ್ನು ಶೂದ್ರನೆಂದು ಅರ್ಥಮಾಡಿ ಚರಿತ್ರಕಾರರ ಕೈಗೆ ಕೊಟ್ಟರು. ಮನುಸ್ಮೃತಿಯಲ್ಲಿ ಈ ಶಬ್ದ ಧರ್ಮವನ್ನು ಕೆಡಿಸುವವನೆಂಬ ಅರ್ಥದಲ್ಲಿ ಬಂದಿದೆ; ಸಂಸ್ಕಾರಲೋಪದಿಂದ ವೃಷಲತ್ವವನ್ನು ಹೊಂದಿದ ಕ್ಷತ್ರಿಯಜಾತಿಗಳನ್ನೂ ಅದು ಎಣಿಸುತ್ತದೆ. ನಾಟಕದಲ್ಲಿ ಶತ್ರುಪಕ್ಷದವರು ಚಂದ್ರಗುಪ್ತನನ್ನು ಕುಲಹೀನನೆಂದು ಹಳಿಯುವುದು ಸತ್ಯ. ಆದರೆ ಅದೇ ಶತ್ರುಪಕ್ಷದ ಮಲಯಕೇತು ಐದನೆಯ ಅಂಕದಲ್ಲಿ ಮೌರ್ಯನು ನಿನ್ನ ಸ್ವಾಮಿಯ ಮಗನೆಂದು ರಾಕ್ಷಸನನ್ನು ಚುಚ್ಚುತ್ತಾನೆ. ಚಾಣಕ್ಯನ ಬಾಯಲ್ಲಿ ಆ ಶಬ್ದ ಬರುವ ರೀತಿಯನ್ನು ಗಮನಿಸಿದರೆ, ತಾನು ಬೆಳೆಸಿದ ಹುಡುಗನನ್ನು ಗುರು ಸಲಿಗೆಯಿಂದ ಕರೆಯುವ ಅಡ್ಡಹೆಸರಿನಂತೆ ಅದು ಕೇಳಿಸುತ್ತದೆ. ರಂಗದ ಮೇಲಣ ಸಲಿಗೆಯ ಮಾತು ಕುಲಪಂಜಿಯಲ್ಲಿ ಸೇರಿಹೋದುದು ವಿನೋದದ ಸಂಗತಿಯಾದರೂ, ಅದರಿಂದಾದ ಭ್ರಾಂತಿ ವಿನೋದವಲ್ಲ.

ಕನ್ನಡದಲ್ಲಿ ಈ ಕಥೆಗೆ ಎರಡು ಬೇರೆಬೇರೆ ಮುಖಗಳುಂಟು. ವಡ್ಡಾರಾಧನೆಯಲ್ಲಿ ಬರುವ ಚಾಣಾಕ್ಯರಿಸಿಯ ಕಥೆಯಲ್ಲಿ ಚಾಣಕ್ಯನು ಕಡೆಗೆ ಜಿನದೀಕ್ಷೆಯನ್ನು ಪಡೆದ ಋಷಿ. ಸುಬಂಧುವು ಹೊತ್ತಿಸಿದ ಬೆಂಕಿಯಲ್ಲಿ ಉಪಸರ್ಗವನ್ನು ಸಹಿಸಿ ದೇಹವನ್ನು ಬಿಡುತ್ತಾನೆ. ವಿಶಾಖದತ್ತನ ಚಾಣಕ್ಯನನ್ನು ಮಾತ್ರ ಬಲ್ಲವರಿಗೆ ಇವನ ಗುರುತೇ ಸಿಕ್ಕಲಾರದು. ಇನ್ನೊಂದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಂಪುನಾರಾಯಣನು ೧೮೨೩ರಲ್ಲಿ ರಚಿಸಿದ ಮುದ್ರಾಮಂಜೂಷ. ಹೊಸಗನ್ನಡ ಗದ್ಯದ ಹೊಸಲಿನಲ್ಲಿ ನಿಂತ ಈ ಗ್ರಂಥದ ಭಾಷೆಯನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅದರ ಕಥಾಕ್ರಮಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ನಾಟಕ ನಡುವಿನಿಂದ ಆರಂಭವಾಗಿ ಹಿಂದಿನ ಸಂಗತಿಗಳನ್ನು ಚಾರರ ಬಾಯಿಂದ ಚೂರುಚೂರಾಗಿ ಹೊರಡಿಸುತ್ತದೆ. ಕನ್ನಡ ಗದ್ಯಕಾರನು ನಂದರ ಹಿಂದಣ ಕಥೆಯಿಂದಲೇ ಹೊರಟು ಕಾಲಕ್ರಮವಾಗಿ ನಡೆಯುತ್ತಾನೆ. ರಹಸ್ಯದ ಬಿಗಿ ಇದರಿಂದ ಸ್ವಲ್ಪ ಸಡಿಲವಾಯಿತು; ಕಥೆ ಮಾತ್ರ ಅಖಂಡವಾಯಿತು, ಚರಿತ್ರೆಯ ವೇಷ ಅದಕ್ಕೆ ಪೂರ್ಣವಾಗಿ ಹೊಂದಿಕೊಂಡಿತು. ಚೂರುಗಳಾಗಿರುವಾಗ ಸಂಶಯಕ್ಕೆ ಎಡೆಯುಂಟು. ಹುಟ್ಟಿನಿಂದ ಪಟ್ಟದವರೆಗೆ ತಡೆಯಿಲ್ಲದೆ ಹೇಳಿದರೆ ಕೇಳುವವನು ಚರಿತ್ರೆಯೆಂದೇ ನಂಬುತ್ತಾನೆ. ಇದು ಕೆಂಪುನಾರಾಯಣನ ದೋಷವಲ್ಲ. ಅವನು ಚರಿತ್ರೆ ಬರೆಯಲು ಹೊರಟವನಲ್ಲ.

ಪಾಶ್ಚಾತ್ಯರಲ್ಲಿಯೂ ಇದಕ್ಕೆ ಸಮಾನವಾದ ಪ್ರಸಂಗವೊಂದಿದೆ. ಇಂಗ್ಲೆಂಡಿನ ಮೂರನೆಯ ರಿಚರ್ಡನು ಅಣ್ಣನ ಮಕ್ಕಳನ್ನು ಕೊಲ್ಲಿಸಿದನೆಂಬ ಅಪಕೀರ್ತಿ ಷೇಕ್ಸ್‌ಪಿಯರನ ನಾಟಕದಿಂದ ಜಗತ್ತಿಗೆಲ್ಲ ಹರಡಿತು. ಜೋಸೆಫೀನ್ ಟೇ ಎಂಬ ಲೇಖಕಿ ೧೯೫೧ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ, ಕಾಲುಮುರಿದು ಆಸ್ಪತ್ರೆಯಲ್ಲಿ ಮಲಗಿದ ಪೊಲೀಸ್ ಅಧಿಕಾರಿಯೊಬ್ಬನು ಹಾಸಿಗೆಯ ಮೇಲಿಂದಲೇ ಆ ಆಪಾದನೆಯನ್ನು ವಿಚಾರಿಸುತ್ತಾನೆ. ಬ್ರಿಟಿಷ್ ಮ್ಯೂಸಿಯಮ್ಮಿನ ಪುಸ್ತಕಗಳಿಂದ ತರುಣನೊಬ್ಬನು ಅವನಿಗೆ ಸಾಕ್ಷ್ಯಗಳನ್ನು ಹೊತ್ತು ತರುತ್ತಾನೆ. ಬಹುಕಾಲ ಪ್ರಮಾಣವೆನ್ನಿಸಿದ್ದ ಥಾಮಸ್ ಮೋರನ ಗ್ರಂಥದ ವಿಷಯವಾಗಿ ಅವನು ಕೇಳುವ ಪ್ರಶ್ನೆ ಸರಳ: ೧೪೮೫ರಲ್ಲಿ ರಿಚರ್ಡನು ಸತ್ತಾಗ ಮೋರನಿನ್ನೂ ಬಾಲಕ, ಅವನಿಗೆ ಹೇಳಿದವರಾರು? ಅಲ್ಲಿ ರಹಸ್ಯಕಥೆ ನಾಟಕದ ಸಾಕ್ಷ್ಯವನ್ನು ಪರೀಕ್ಷಿಸುವ ಕೆಲಸವನ್ನು ಮಾಡಿತು. ಲೇಖಕಿಯ ನಿರ್ಣಯವನ್ನು ಚರಿತ್ರಕಾರರೆಲ್ಲರೂ ಒಪ್ಪಲಿಲ್ಲ, ಒಪ್ಪಬೇಕಾದುದೂ ಇಲ್ಲ. ವಕೀಲನ ಆವೇಶ ಅವಳಲ್ಲಿ ಹೆಚ್ಚು. ೨೦೧೨ರಲ್ಲಿ ಲೆಸ್ಟರ್ ನಗರದಲ್ಲಿ ಆ ರಾಜನ ಅಸ್ಥಿ ದೊರೆತಾಗ ಬೆನ್ನೆಲುಬು ಓರೆಯಾಗಿದ್ದುದು ಕಂಡುಬಂದಿತು. ನಾಟಕ ಹೇಳಿದ ಸೊರಗಿದ ತೋಳು ಕಾಣಲಿಲ್ಲ. ನಾಟಕ ಅರೆ ನಿಜವನ್ನು ನುಡಿದಿತ್ತು.

ಹಾಗಾದರೆ ಕವಿಗಳ ಮಾತನ್ನು ಚರಿತ್ರೆಯಿಂದ ಸರ್ವಥಾ ಬಹಿಷ್ಕರಿಸಬೇಕೇ ಎಂದು ಆಕ್ಷೇಪ ಬರಬಹುದು. ಇದಕ್ಕೆ ಉತ್ತರ ವಿಶಾಖದತ್ತನ ಇನ್ನೊಂದು ನಾಟಕದಲ್ಲಿಯೇ ಇದೆ. ದೇವೀಚಂದ್ರಗುಪ್ತವೆಂಬ ಆ ಕೃತಿ ನಷ್ಟವಾಗಿದೆ. ರಾಮಚಂದ್ರ ಗುಣಚಂದ್ರರ ನಾಟ್ಯದರ್ಪಣದಲ್ಲಿ ಉದಾಹೃತವಾದ ಅದರ ತುಣುಕುಗಳನ್ನು ಸಿಲ್ವ್ಯಾಂ ಲೆವಿಯವರು ೧೯೨೩ರಲ್ಲಿ ಬೆಳಕಿಗೆ ತಂದರು. ಭೋಜನ ಶೃಂಗಾರಪ್ರಕಾಶದಲ್ಲಿಯೂ ಕೆಲವು ದೊರೆತವು. ರಾಮಗುಪ್ತನೆಂಬ ಗುಪ್ತರಾಜನು ಶಕಪತಿಗೆ ಸೋತು ತನ್ನ ರಾಣಿ ಧ್ರುವದೇವಿಯನ್ನು ಒಪ್ಪಿಸಲು ಸಮ್ಮತಿಸಿದನೆಂದೂ, ತಮ್ಮನಾದ ಚಂದ್ರಗುಪ್ತನು ಹೆಣ್ಣುವೇಷದಿಂದ ಹೋಗಿ ಶಕಪತಿಯನ್ನು ಕೊಂದನೆಂದೂ ಅದರ ಕಥೆ. ಗುಪ್ತರ ಶಾಸನಗಳ ವಂಶಾವಳಿಗಳಲ್ಲಿ ರಾಮಗುಪ್ತನೆಂಬವನೇ ಇಲ್ಲದುದರಿಂದ ಹಲವರು ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕಿದರು. ಆದರೆ ಹೆಣ್ಣುವೇಷದ ಸಂಗತಿಯನ್ನು ೭ನೆಯ ಶತಮಾನದ ಬಾಣನು ಹರ್ಷಚರಿತದಲ್ಲಿ ಸೂಚಿಸಿದ್ದಾನೆ. ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷನ ಸಂಜಾನ್ ತಾಮ್ರಶಾಸನ, ಶಕ ೭೯೩, ಎಂದರೆ ಕ್ರಿ. ಶ. ೮೭೧ರದು, ಅಣ್ಣನನ್ನು ಕೊಂದು ರಾಜ್ಯವನ್ನೂ ರಾಣಿಯನ್ನೂ ಅಪಹರಿಸಿದ ಗುಪ್ತವಂಶದ ದಾನಿಯೊಬ್ಬನನ್ನು ಹಳಿದು, ಅವನಿಗಿಂತ ಅಮೋಘವರ್ಷನು ಮೇಲೆಂದು ಹೊಗಳುತ್ತದೆ. ಆ ಬಳಿಕ ಮಾಳವದ ಕಡೆ ರಾಮಗುಪ್ತನ ಹೆಸರಿನ ತಾಮ್ರನಾಣ್ಯಗಳು ಸಿಕ್ಕಿದವು. ೧೯೬೯ರಲ್ಲಿ ವಿದಿಶೆಯ ಸಮೀಪದ ದುರ್ಜನಪುರ ಗ್ರಾಮದಲ್ಲಿ ದೊರೆತ ಮೂರು ಜಿನಬಿಂಬಗಳ ಪೀಠದ ಬರೆಹಗಳಲ್ಲಿ ಮಹಾರಾಜಾಧಿರಾಜ ರಾಮಗುಪ್ತನೆಂಬ ಹೆಸರು ಕಂಡಿತು.

ಈ ಎರಡು ನಾಟಕಗಳ ಭೇದವನ್ನು ಗುರುತಿಸುವುದೇ ಪ್ರಕೃತ ವಿಚಾರದ ತಿರುಳು. ಕವಿ ಒಬ್ಬನೇ, ಕೌಶಲ ಒಂದೇ. ದೇವೀಚಂದ್ರಗುಪ್ತದ ವೃತ್ತಾಂತಕ್ಕೆ ನಾಟಕದಿಂದ ಹುಟ್ಟದ, ಬೇರೆ ಹಾದಿಯಿಂದ ಬಂದ ಸಾಕ್ಷಿಗಳುಂಟು. ಜಿನಬಿಂಬವನ್ನು ಮಾಡಿಸಿದವರಿಗೆ ವಿಶಾಖದತ್ತನ ನಾಟಕದ ಗೊಡವೆಯಿರಲಿಲ್ಲ. ಅಲ್ಲಿಯೂ ಸಿದ್ಧವಾದುದು ರಾಮಗುಪ್ತನೆಂಬ ರಾಜನಿದ್ದನೆಂಬುದು ಮಾತ್ರ. ಅವನು ರಾಣಿಯನ್ನು ಒಪ್ಪಿಸಿದನೋ ಇಲ್ಲವೋ ಎಂಬುದಕ್ಕೆ ಪೀಠದ ಬರೆಹ ಸಾಕ್ಷಿಯಲ್ಲ. ಮುದ್ರಾರಾಕ್ಷಸಕ್ಕಾದರೋ ಇಷ್ಟು ಬೆಂಬಲವೂ ಇಲ್ಲ. ನಂದನ ನಾಶವನ್ನು ಹೇಳುವ ಸೋಮದೇವನು ಶಕಟಾಲ ವರರುಚಿಗಳ ಕಥೆಯನ್ನು ಹೇಳಿ, ಚಾಣಕ್ಯನ ಅಭಿಚಾರದಿಂದ ನಂದನು ಜ್ವರಬಂದು ಸತ್ತನೆನ್ನುತ್ತಾನೆ. ಪಾಲಿಗ್ರಂಥಗಳ ಹಾದಿಯೇ ಬೇರೆ. ಒಂದರ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲ.

ಮೌರ್ಯರ ವಿಷಯದಲ್ಲಿ ಸಾಕ್ಷಿಯಾಗಲಾರದ ಈ ನಾಟಕ ತನ್ನ ಕಾಲದ ಸಮಾಜದ ವಿಷಯದಲ್ಲಿ ಬಲವಾದ ಸಾಕ್ಷಿ. ಕವಿ ಬೇಕೆಂದು ಹೇಳಿದುದಕ್ಕಿಂತ ಬೇಡದೆ ಹೇಳಿಹೋದುದರಲ್ಲಿ ಹೆಚ್ಚು ನಂಬಿಕೆಯಿಡಬಹುದು. ಸಾಮಂತ ವಟೇಶ್ವರದತ್ತನ ಮೊಮ್ಮಗನಾದ ವಿಶಾಖದತ್ತನು ಆಸ್ಥಾನಗಳ ಒಳಗನ್ನು ಬಲ್ಲವನು. ಶಕಟದಾಸನು ಕಾಯಸ್ಥ, ಕಾಯಸ್ಥನಲ್ಲವೇ, ಅಷ್ಟೇನೂ ದೊಡ್ಡ ಶತ್ರುವಲ್ಲವೆಂದು ಚಾಣಕ್ಯನು ಮೊದಲು ಹಗುರವಾಗಿ ಎಣಿಸುತ್ತಾನೆ. ಆದರೆ ಆ ಕಾಯಸ್ಥನ ಕೈಬರೆಹವಿಲ್ಲದೆ ಚಾಣಕ್ಯನ ತಂತ್ರ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಶ್ರೋತ್ರಿಯರು ಎಷ್ಟು ಎಚ್ಚರದಿಂದ ಬರೆದರೂ ಅವರ ಅಕ್ಷರ ಸ್ಪಷ್ಟವಾಗಿರದೆಂದು ಚಾಣಕ್ಯನು ಹೇಳುವ ಮಾತು, ಬಾಯಿಪಾಠದ ವಿದ್ಯೆಗೂ ಕಚೇರಿಯ ವಿದ್ಯೆಗೂ ಆಗಲೇ ಬಿದ್ದಿದ್ದ ಅಂತರವನ್ನು ತಿಳಿಸುತ್ತದೆ. ಪಾಠಶಾಲೆಯ ಪಂಡಿತರು ಈ ವಾಕ್ಯವನ್ನು ನಗುತ್ತಲೇ ಓದಿಯಾರು. ಅದನ್ನು ಅಲ್ಲಗಳೆಯುವ ಧೈರ್ಯ ಅವರಲ್ಲಿ ಹೆಚ್ಚು ಮಂದಿಗೆ ಇರಲಾರದು.

ಯಮಪಟವನ್ನು ಬಿಚ್ಚಿ ನರಕದ ಚಿತ್ರಗಳನ್ನು ತೋರಿಸುತ್ತ ಹಾಡಿ ಬೇಡುವವನು ದೊಡ್ಡ ವರ್ತಕರ ಮನೆಯ ಒಳಗಂಗಳದವರೆಗೂ ಹೋಗಬಹುದಾಗಿತ್ತು. ಕ್ಷಪಣಕನ ದರ್ಶನ ಅಪಶಕುನವೆಂದು ರಾಕ್ಷಸನು ಹಿಂಜರಿದರೂ ಅವನ ಆಪ್ತಮಿತ್ರರಲ್ಲಿ ಒಬ್ಬನು ಕ್ಷಪಣಕನೇ. ಪ್ರಯಾಣದ ಮುಹೂರ್ತವನ್ನು ಅವನಿಂದಲೇ ಕೇಳುತ್ತಾನೆ. ಚಂದನದಾಸನ ನಡತೆ ಬುದ್ಧರ ಚರಿತ್ರೆಯನ್ನೂ ಮೀರಿಸಿತೆಂದು ಏಳನೆಯ ಅಂಕದಲ್ಲಿ ಪ್ರಶಂಸೆ ಬರುತ್ತದೆ. ವೈದಿಕ ಕವಿಯೊಬ್ಬನು ತ್ಯಾಗಕ್ಕೆ ಬುದ್ಧರನ್ನು ಅಳತೆಗೋಲಾಗಿ ಹಿಡಿಯುವ ಕಾಲ ಅದು. ಮತಗಳ ವಿರೋಧವೇ ಅಂದಿನ ಸಮಾಜದ ಮುಖ್ಯಲಕ್ಷಣವೆಂದು ಬರೆಯುವವರು ಈ ಮೂರು ಸ್ಥಳಗಳನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು. ಕೌಮುದೀಮಹೋತ್ಸವವನ್ನು ತಡೆದುದು ರಾಜನಿಗೂ ಮಂತ್ರಿಗೂ ಕೃತಕವಾಗಿ ಕಲಹ ಹುಟ್ಟಿಸಲು ಸಾಕಾದ ಕಾರಣವೆನ್ನಿಸಿದುದರಿಂದ, ಆ ಹಬ್ಬಕ್ಕೆ ಪಟ್ಟಣಗಳಲ್ಲಿ ಎಷ್ಟು ಮಹತ್ವವಿತ್ತೆಂಬುದೂ ತಿಳಿಯುತ್ತದೆ.

ಸಾಹಿತ್ಯದೃಷ್ಟಿಯಿಂದ ನಾಟಕದಲ್ಲಿ ಕೊರತೆಗಳಿಲ್ಲವೆಂದಲ್ಲ. ಮಲಯಕೇತುವು ಐವರು ರಾಜರನ್ನು ಒಂದೇ ಓಲೆಯ ಬಲದಿಂದ ಕೊಲ್ಲಿಸುವುದು, ಭೂಮಿಯನ್ನು ಬಯಸಿದವರನ್ನು ಹಳ್ಳದಲ್ಲಿ ಹೂಳಿಸಿ ಆನೆಗಳನ್ನು ಬಯಸಿದವರನ್ನು ಆನೆಗಳಿಂದಲೇ ತುಳಿಸುವುದು, ಕವಿಯ ಅನುಕೂಲಕ್ಕೆ ನಡೆದ ಕಾರ್ಯವೇ ಹೊರತು ಪಾತ್ರದ ಸ್ವಭಾವಕ್ಕೆ ಸಹಜವಾಗಿಲ್ಲ. ಆರನೆಯ ಅಂಕದಲ್ಲಿ ನೇಣುಹಗ್ಗ ಹಿಡಿದವನ ಮಾತು ಉದ್ದವಾಯಿತು. ಆದರೆ ಚಂದನದಾಸನ ಪಾತ್ರದ ಮುಂದೆ ಇವು ಅಲ್ಪದೋಷಗಳು. ಸಂಸ್ಕೃತ ನಾಟಕಗಳಲ್ಲಿ ವರ್ತಕನೊಬ್ಬನು ಹಣದ ಲಾಭಕ್ಕೂ ಪ್ರಾಣದ ಭಯಕ್ಕೂ ಮಣಿಯದೆ, ರಾಜಕಾರಣದ ಗೆಲವುಸೋಲುಗಳಲ್ಲಿ ತನಗೆ ಯಾವ ಪಾಲೂ ಇಲ್ಲದಿದ್ದರೂ, ಮಿತ್ರನ ಹೆಂಡತಿಮಕ್ಕಳ ಗುಟ್ಟನ್ನು ಬಿಟ್ಟುಕೊಡದೆ ಶೂಲದೆಡೆಗೆ ನಡೆಯುವುದು ಮೃಚ್ಛಕಟಿಕವನ್ನು ಬಿಟ್ಟರೆ ನೆನಪಿಗೆ ಬರುವ ಸಂಗತಿಯಲ್ಲ. ಚಾಣಕ್ಯನ ಲೆಕ್ಕಾಚಾರವೆಲ್ಲ ನಿಂತಿರುವುದು ಈ ಒಬ್ಬ ಮನುಷ್ಯನು ಬಾಯಿಬಿಡಲಾರನೆಂಬ ನಂಬಿಕೆಯ ಮೇಲೆ. ಅವನು ಮೊದಲನೆಯ ಅಂಕದಲ್ಲಿಯೇ ಒಪ್ಪಿಕೊಂಡಿದ್ದರೆ ರಾಕ್ಷಸನು ಕುಸುಮಪುರಕ್ಕೆ ಹಿಂದಿರುಗುವ ಕಾರಣವೇ ಇರುತ್ತಿರಲಿಲ್ಲ. ವಧ್ಯಸ್ಥಾನದಲ್ಲಿ ಅವನ ಹೆಂಡತಿ ಮಗನ ಕೈಹಿಡಿದು ನಿಂತಿದ್ದಾಳೆ. ನಾಟಕದ ಉದ್ದಕ್ಕೂ ರಾಜ್ಯವಾಳುವವರ ಮಾತನ್ನೇ ಕೇಳಿದ ಸಭಿಕರಿಗೆ, ಅದರ ಬೆಲೆಯನ್ನು ತೆರುವ ಮನೆಯೊಂದು ರಂಗದ ಮೇಲೆ ಕಾಣುವುದು ಆಗ ಮಾತ್ರ. ಶೂಲಕ್ಕೆ ಏರಿಸಲು ಬಂದ ಚಂಡಾಲರಿಬ್ಬರೂ ಚಾಣಕ್ಯನ ಚಾರರೇ ಎಂಬುದು ಆ ಹೆಂಗಸಿಗೆ ತಿಳಿಯದು.